ಯಮನಪ್ಪ ಹೇಳದ ಹೆಸರುಗಳು

"ಗುರುಗಳೇ, ನೆರೆ ಬಂದಾಗ ನಾನು ಮನೆ ಕಳೆದುಕೊಂಡವರಿಗೆ ಅನ್ನ ಬಡಿಸಿದೆ. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡಾಗ ಎದೆ ಉಬ್ಬುತ್ತದೆ. ಈ ಹೆಮ್ಮೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. "ಹೆಮ್ಮೆ ತಪ್ಪಲ್ಲ. ಆದರೆ ಎಲ್ಲ ಹೆಮ್ಮೆಯೂ ಒಂದೇ ಅಲ್ಲ. ಒಬ್ಬ ಗಾಡಿ ಓಡಿಸುವವನ ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದೂರಿನಲ್ಲಿ ಯಮನಪ್ಪ ಎಂಬವನಿದ್ದ. ಊರಿನ ಡೈರಿಯ ಗಾಡಿ ಓಡಿಸುತ್ತಿದ್ದ. ದಿನವೂ ಸುತ್ತಲಿನ ಹಳ್ಳಿಗಳಿಂದ ಹಾಲಿನ ಕ್ಯಾನು ಹೇರಿಕೊಂಡು ಪಟ್ಟಣಕ್ಕೆ ಮುಟ್ಟಿಸುವುದು ಅವನ ಕೆಲಸ. ಅವನಿಗೆ ಎಚ್‌ಐವಿ ಇತ್ತು. ಅದು ಊರಿನಲ್ಲಿ ಹೆಂಡತಿ ಕಲ್ಲವ್ವನಿಗೆ ಬಿಟ್ಟರೆ ಮತ್ತೊಬ್ಬರಿಗೆ ಗೊತ್ತಿರಲಿಲ್ಲ. ಪಟ್ಟಣದ ಆಸ್ಪತ್ರೆಯಲ್ಲಿ ಆ ರೋಗದವರಿಗೆ ಗುಳಿಗೆ ಕೊಡುವ ಒಂದು ಕೇಂದ್ರವಿತ್ತು. ಅವನು ಮುಖಕ್ಕೆ ಟವೆಲ್ ಸುತ್ತಿಕೊಂಡು ಅಲ್ಲಿಗೆ ಹೋಗುತ್ತಿದ್ದ. ಪರಿಚಯದವರು ಕಂಡರೆ ಹಲ್ಲು ನೋವು ಎನ್ನುತ್ತಿದ್ದ. ಗುಳಿಗೆ ತಪ್ಪಿಸುತ್ತಿರಲಿಲ್ಲ. ಹಾಗಾಗಿ ಗಟ್ಟಿಮುಟ್ಟಾಗಿದ್ದ, ಎಲ್ಲರಂತೆ ದುಡಿಯುತ್ತಿದ್ದ.

ಹೀಗಿರುವಾಗ ಕೊರೊನಾ ಬಂತು. ಬಸ್ಸು ನಿಂತವು. ಅಂಗಡಿ ಮುಚ್ಚಿದವು. ಊರಿನ ದಾರಿಗೆ ಜನರೇ ಮುಳ್ಳು ಹಚ್ಚಿದರು. ಹಾಲಿನ ಗಾಡಿಗೆ ಮಾತ್ರ ತಡೆಯಿರಲಿಲ್ಲ.

ಯಮನಪ್ಪ ಒಂದು ದಿನ ಹಾಲು ಇಳಿಸಿ ತನ್ನ ಗುಳಿಗೆಗೆಂದು ಆಸ್ಪತ್ರೆಗೆ ಹೋದ. ಕೇಂದ್ರವಿದ್ದ ಕೋಣೆಗಳಲ್ಲಿ ಕೊರೊನಾ ರೋಗಿಗಳು ಮಲಗಿದ್ದರು. ಇನ್ನು ನನ್ನ ಗತಿ ಮುಗಿಯಿತು ಎಂದುಕೊಂಡು ತಿರುಗುವಷ್ಟರಲ್ಲಿ ಹಿತ್ತಿಲಿನ ಸೈಕಲ್ ಶೆಡ್ಡಿನಿಂದ ಯಾರೋ ಕರೆದರು. ನೋಡಿದರೆ ಕೇಂದ್ರದ ನರ್ಸು ವಿಮಲಾಬಾಯಿ. ಶೆಡ್ಡಿನಲ್ಲಿ ಒಂದು ಮೇಜು, ಹಿಂದೆ ಗುಳಿಗೆಯ ಪೆಟ್ಟಿಗೆಗಳು. ಎಲ್ಲ ಸರಿಹೋಗುವ ತನಕ ಕೇಂದ್ರ ಮುಚ್ಚಿರಲಿ ಎಂದು ಮೇಲಿನವರೊಬ್ಬರು ಹೇಳಿದ್ದರಂತೆ. ಆಕೆ ಒಪ್ಪಿರಲಿಲ್ಲ. ಮುಂಜಾನೆ ಕೊರೊನಾ ವಾರ್ಡಿನಲ್ಲಿ ದುಡಿಯುತ್ತೇನೆ, ಮಧ್ಯಾಹ್ನ ನನಗೆ ಒಂದು ಮೇಜು ಹಾಕುವಷ್ಟು ಜಾಗ ಕೊಡಿ ಎಂದು ಕೇಳಿ ಆ ಶೆಡ್ಡು ಪಡೆದಿದ್ದಳು.

ಆಕೆ ಅವನಿಗೆ ಕೆಲವು ತಿಂಗಳಿಗಾಗುವಷ್ಟು ಗುಳಿಗೆ ಒಮ್ಮೆಲೇ ಕೊಟ್ಟಳು. ಕೊಟ್ಟು ಹಣೆಗೆ ಕೈ ಹಚ್ಚಿ ಕೂತಳು.

"ನೀ ಏನೋ ಬಂದಿ ಯಮನಪ್ಪ. ಬರಾಕ ಆಗಲಾರದವರನ್ನ ಏನ್ ಮಾಡ್ಲಿ? ಗುಳಿಗಿ ನಿಂತ್ರ ರೋಗ ಮತ್ತ ತಲಿ ಎತ್ತತೈತಿ."

"ಆಯಾ ಊರಿನ ಆಶಾ ಅಕ್ಕಾರ ಕೈಯಾಗ ಮನಿಗೆ ಕಳಸ್ರಿ."

"ಫೋನ್ ಹಚ್ಚಿ ಕೇಳೀನಿ. ಆಶಾ ನಮ್ಮ ಬಾಗಲಕ್ಕ ಬಂದ್ರ ಓಣಿಗೆಲ್ಲ ಗೊತ್ತಾಗತೈತಿ, ಗುಳಿಗಿ ಬ್ಯಾಡ, ಮಾನ ಉಳೀಲಿ ಅಂತಾರ."

ಯಮನಪ್ಪನಿಗೆ ಆ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ತಾನಾಗಿದ್ದರೂ ಅದನ್ನೇ ಹೇಳುತ್ತಿದ್ದ. ಗುಳಿಗೆಯ ಚೀಲ ಹಿಡಿದು ಗಾಡಿಯ ತನಕ ನಡೆದ. ಬಾಗಿಲು ತೆಗೆದ. ಹತ್ತಲಿಲ್ಲ. ಮತ್ತೆ ಶೆಡ್ಡಿಗೆ ಬಂದ.

"ಸಿಸ್ಟರ್ರೀ, ನನ್ನ ಗಾಡಿ ಆ ಹಳ್ಳಿಗೆಲ್ಲ ಹೋಗತೈತಿ. ಹಾಲಿನ ಗಾಡಿ ಬಂದ್ರ ಯಾಕ ಬಂತು ಅಂತ ಯಾರೂ ಕೇಳಂಗಿಲ್ಲ."

ವಿಮಲಾಬಾಯಿ ಒಬ್ಬೊಬ್ಬರಿಗೂ ಫೋನು ಮಾಡಿದಳು. ತರುವವನೂ ನಿಮ್ಮಂಥವನೇ, ಒಪ್ಪಿಗೆಯಿದ್ದರೆ ಕಳಿಸುತ್ತೇನೆ ಎಂದಳು. ಒಪ್ಪಿದವರು ಎಲ್ಲಿ ನಿಲ್ಲುತ್ತೇವೆಂದು ತಾವೇ ಹೇಳಿದರು. ಒಬ್ಬ ಹಿಟ್ಟಿನ ಗಿರಣಿಯ ಬಳಿ, ಒಬ್ಬ ಕೆರೆಯ ಏರಿಯ ಮೇಲೆ, ಒಬ್ಬಳು ಹಾಲು ಹಾಕುವ ಜಾಗದಲ್ಲೇ. ಬಿಳಿ ಕಾಗದದಲ್ಲಿ ಸುತ್ತಿದ ಪೊಟ್ಟಣಗಳ ಮೇಲೆ ಯಾವ ಗುರುತೂ ಇರಲಿಲ್ಲ. ಯಾವುದು ಯಾವ ಊರಿನದು ಎಂಬುದನ್ನು ಯಮನಪ್ಪ ತಲೆಯಲ್ಲಿ ಇಟ್ಟುಕೊಂಡ.

ಹಾಲು ಹಾಕುವ ಜಾಗದಲ್ಲಿ ನಿಂತವಳು ಅವನ ಊರಿನವಳೇ ಆಗಿದ್ದಳು. ಎಷ್ಟೋ ವರ್ಷ ಕಂಡ ಮುಖ. ಅವನನ್ನು ನೋಡಿ ಆಕೆಯ ಬಣ್ಣ ಹಾರಿತು. ಯಮನಪ್ಪ ಅತ್ತಿತ್ತ ನೋಡಿ ಆಕೆಯ ಖಾಲಿ ತಂಬಿಗೆಯೊಳಗೆ ಪೊಟ್ಟಣ ಇಳಿಬಿಟ್ಟ. "ಅಂಜಬ್ಯಾಡ ತಂಗಿ. ನಾನೂ ಇವ ಗುಳಿಗಿ ತಗೋತೀನಿ" ಎಂದ. ಆಕೆ ಸೆರಗಿನಿಂದ ತಂಬಿಗೆಯ ಬಾಯಿ ಮುಚ್ಚಿಕೊಂಡು ಹೋದಳು. ಆ ದಿನ ಗಾಡಿ ಓಡಿಸುತ್ತ ಯಮನಪ್ಪನಿಗೆ ತಾನೊಬ್ಬನೇ ಅಲ್ಲ ಎನ್ನಿಸಿತು. ಹಾಗೆ ಅನ್ನಿಸಿದ್ದು ಅದೇ ಮೊದಲು.

ಕೆಲಸ ಸಾಗಿತು. ತರುವ ಪೊಟ್ಟಣ ಹೆಚ್ಚಾದವು. ಆಗ ಒಂದು ಮಧ್ಯಾಹ್ನ ಹೊಸದಾಗಿ ಹಾಕಿದ ಚೆಕ್‌ಪೋಸ್ಟಿನಲ್ಲಿ ಪೋಲೀಸನೊಬ್ಬ ಗಾಡಿ ತಡೆದ. ಖಾಲಿ ಕ್ಯಾನುಗಳ ನಡುವೆ ಇದ್ದ ಪೆಟ್ಟಿಗೆ ಅವನ ಕಣ್ಣಿಗೆ ಬಿತ್ತು.

"ಏನೈತಿ ಇದರಾಗ?"

"ಗುಳಿಗಿ ಅದಾವ್ರಿ ಸಾಹೇಬ್ರ."

"ಇಷ್ಟು ಗುಳಿಗಿ ಯಾರವು? ಕೊರೊನಾ ಗುಳಿಗಿ ಬ್ಲ್ಯಾಕಿನ್ಯಾಗ ಮಾರತೀ ಏನು? ಯಾರ ಮನಿಗೆ ಒಯ್ಯಾಕತ್ತೀ, ಹೆಸರು ಹೇಳು. ಈಗ ಫೋನ್ ಹಚ್ಚತೀನಿ."

ಹಿಂದೆ ಗಾಡಿಗಳು ಸಾಲಾಗಿ ನಿಂತಿದ್ದವು. ಅದರಲ್ಲಿ ಅವನ ಊರಿನ ತರಕಾರಿ ಟೆಂಪೋ ಕೂಡ ಇತ್ತು. ಊರಿನ ಜನ ಇಳಿದು ಬಂದು ನೋಡುತ್ತ ನಿಂತರು. ಹೆಸರು ಹೇಳಿದರೆ ತಾನು ಉಳಿಯುತ್ತೇನೆ, ಅವರು ಉಳಿಯುವುದಿಲ್ಲ. ಹೇಳದಿದ್ದರೆ ಪೆಟ್ಟಿಗೆ ಠಾಣೆಗೆ ಹೋಗುತ್ತದೆ, ಗುಳಿಗೆ ಯಾರಿಗೂ ಮುಟ್ಟುವುದಿಲ್ಲ. ಅವನು ಮುಖದ ಮೇಲಿನ ಟವೆಲ್ ಬಿಚ್ಚಿದ.

"ಎಚ್‌ಐವಿ ಗುಳಿಗಿ ಇವು ಸಾಹೇಬ್ರ. ನನಗೈತಿ ಆ ರೋಗ. ನನ್ನಂಥವರಿಗೆ ಒಯ್ಯಾಕತ್ತೀನಿ. ಆಸ್ಪತ್ರಿ ಸಿಸ್ಟರಿಗೆ ಫೋನ್ ಹಚ್ಚಿ ಖರೇ ಐತೋ ಇಲ್ಲೋ ಕೇಳ್ರಿ. ನನ್ನ ಹೆಸರು ಯಮನಪ್ಪ, ಬರಕೋರಿ. ಬ್ಯಾರೆ ಹೆಸರು ನಾ ಹೇಳಂಗಿಲ್ಲ."

ಅವನು ದನಿ ತಗ್ಗಿಸಿ ಹೇಳಲಿಲ್ಲ. ನಿಂತವರಿಗೆಲ್ಲ ಕೇಳಿಸಿತು. ಪೋಲೀಸ ಫೋನು ಮಾಡಿದ. ವಿಮಲಾಬಾಯಿಯ ಮಾತು ಕೇಳಿಸಿಕೊಂಡ. ಆಮೇಲೆ ತಾನೇ ಹೋಗಿ ಅಡ್ಡಗಟ್ಟಿದ ಬಿದಿರು ಎತ್ತಿದ. ಅಂದಿನ ಪೊಟ್ಟಣಗಳೆಲ್ಲ ಮುಟ್ಟುವಲ್ಲಿಗೆ ಮುಟ್ಟಿದವು.

ಗಾಡಿಗಿಂತ ಮೊದಲೇ ಸುದ್ದಿ ಊರು ಮುಟ್ಟಿತ್ತು. ಯಮನಪ್ಪ ಮನೆಯ ಕಟ್ಟೆಯ ಮೇಲೆ ಕೂತ. ಒಳಗೆ ಹೋಗಲು ಕಾಲು ಬರಲಿಲ್ಲ. ಕಲ್ಲವ್ವನೇ ಹೊರಗೆ ಬಂದು ಅವನ ಪಕ್ಕದಲ್ಲಿ ಕೂತಳು.

"ಎಲ್ಲಾರ ಮುಂದ ಹೇಳಿದ್ಯಂತ?"

"ಹೂಂ."

"ಚಲೋ ಆತ ಬಿಡು. ಇನ್ನ ಮ್ಯಾಲೆ ಗುಳಿಗಿ ಡಬ್ಬಿ ಜ್ವಾಳದಾಗ ಹುಗಿದು ಇಡೋ ಕೆಲಸ ಇಲ್ಲ. ಒಳಗ ಬಾ, ರೊಟ್ಟಿ ಆರತಾವು" ಎಂದಳು.

ಮರುದಿನ ಡೈರಿಯ ಮುಂದೆ ಜನ ದೂರ ದೂರ ನಿಂತಿದ್ದರು. ಅವನು ಮುಟ್ಟಿದ ಕ್ಯಾನಿಗೆ ಹಾಲು ಹಾಕುವುದಿಲ್ಲ ಎಂದು ಕೆಲವರು ಹಟ ಹಿಡಿದರು. ಡೈರಿಯ ಅಧ್ಯಕ್ಷ ಈರಸಂಗಪ್ಪ ಕೆಟ್ಟವನಲ್ಲ. ಆದರೆ ಜನರ ಎದುರು ನಿಲ್ಲುವ ಧೈರ್ಯ ಅವನಿಗಿರಲಿಲ್ಲ.

"ಯಮನಪ್ಪ, ಈ ಊರಾಗ ಇನ್ನ ಯಾರ್ಯಾರಿಗೆ ಐತಿ ಅಷ್ಟ ಹೇಳಿಬಿಡು. ಜನಕ್ಕ ಸಮಾಧಾನ ಆಗಲಿ. ನಿನ್ನ ಕೆಲಸ ನಾ ಉಳಸತೀನಿ" ಎಂದ.

ಆಗ ಸಾಲಿನಿಂದ ಒಬ್ಬಳು ಮುಂದೆ ಬಂದಳು. ಆಕೆಯ ಕೈಯಲ್ಲಿ ಅದೇ ತಂಬಿಗೆಯಿತ್ತು. ಬಾಯಿ ತೆರೆದಳು. ಆಕೆ ಏನು ಹೇಳಲು ಬಂದಿದ್ದಾಳೆಂದು ಯಮನಪ್ಪನಿಗೆ ತಿಳಿಯಿತು. ಅವನು ಆಕೆಯನ್ನು ಗದರಿದ.

"ಏನ್ ಅವಸರ ನಿಂದು? ಹಾಲು ಆಮ್ಯಾಲೆ ಹಾಕೀಯಂತ. ಹಿಂದಕ ಸರಿ, ಸಾಲಿನ್ಯಾಗ ನಿಲ್ಲು."

ಆಕೆ ಅವನ ಮುಖ ನೋಡಿದಳು. ಮೆಲ್ಲಗೆ ಹಿಂದೆ ಸರಿದಳು. ಯಮನಪ್ಪ ಗಾಡಿಯ ಕೀಲಿಯನ್ನು ಅಧ್ಯಕ್ಷನ ಮುಂದೆ ಇಟ್ಟು ಹೊರಟುಹೋದ.

ಗಾಡಿ ಹೋಯಿತು, ಕೆಲಸ ನಿಲ್ಲಲಿಲ್ಲ. ವಿಮಲಾಬಾಯಿ ಆಸ್ಪತ್ರೆಯ ಕಡೆಯಿಂದ ಅವನಿಗೆ ಪಾಸು ಕೊಡಿಸಿದಳು. ಅವನು ತನ್ನ ಹಳೆಯ ಲೂನಾ ಮೊಪೆಡ್ಡಿಗೆ ಎರಡು ಹಾಲಿನ ಕ್ಯಾನು ಕಟ್ಟಿದ. ಅದರಲ್ಲಿ ಹಾಲಿರಲಿಲ್ಲ, ಪೊಟ್ಟಣಗಳಿದ್ದವು. ಬಿಸಿಲಿನಲ್ಲಿ ಊರೂರು ತಿರುಗಿದ. ಕೆಲವರು ಅವನನ್ನು ಕಂಡು ದಾರಿ ಬಿಟ್ಟು ಸರಿದರು. ಅವನು ಟವೆಲ್ಲನ್ನು ಮುಖಕ್ಕೆ ಸುತ್ತಲಿಲ್ಲ, ಹೆಗಲ ಮೇಲೆ ಹಾಕಿಕೊಂಡ. ಎಲ್ಲರಂತೆ ಮಾಸ್ಕು ಕಟ್ಟಿಕೊಂಡ, ಅಷ್ಟೇ.

ಇತ್ತ ಡೈರಿಯ ಗಾಡಿ ನಿಂತಿತು. ಪಟ್ಟಣದಲ್ಲಿ ಕೊರೊನಾ ಎಂದು ಯಾರೂ ಸ್ಟೇರಿಂಗ್ ಮುಟ್ಟಲಿಲ್ಲ. ಹಾಲು ಒಡೆದು ಗಟಾರಕ್ಕೆ ಹೋಯಿತು. ಈರಸಂಗಪ್ಪ ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿ ಕೇಳಿದ. ಈ ರೋಗ ಮುಟ್ಟಿದರೆ ಬರುವುದಿಲ್ಲ, ಹಾಲಿನಿಂದಲೂ ಬರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅವನು ಆ ಮಾತನ್ನು ಡೈರಿಯ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿದ. ಆಮೇಲೆ ಕೀಲಿ ಹಿಡಿದುಕೊಂಡು ಯಮನಪ್ಪನ ಮನೆಗೆ ತಾನೇ ಬಂದ.

"ತಪ್ಪಾತು ತಮ್ಮಾ. ನಾಳಿಂದ ಬಾ."

ಯಮನಪ್ಪ ಕೀಲಿಗೆ ಕೈ ಚಾಚಲಿಲ್ಲ. "ಬರತೀನ್ರಿ. ಆದ್ರ ಗಾಡ್ಯಾಗ ನನ್ನ ಪೆಟ್ಟಿಗಿ ಇರತೈತಿ. ಅದು ಯಾರದು ಅಂತ ಈ ಊರಾಗ ಯಾರೂ ಕೇಳಬಾರದು. ನೀವೂ ಕೇಳಬಾರದು" ಎಂದ.

ಈರಸಂಗಪ್ಪ ಒಪ್ಪಿದ. ಜನರಿಗೂ ಅದನ್ನೇ ಹೇಳಿದ. ಕೆಲವರು ಗೊಣಗಿದರು, ಎರಡು ಮನೆಯವರು ಹಾಲು ಹಾಕುವುದನ್ನೇ ಬಿಟ್ಟರು. ಉಳಿದವರು ಬಂದರು.

ಕಾಲ ಸರಿಯಿತು. ಬಸ್ಸು ಓಡಿದವು. ಕೇಂದ್ರ ತನ್ನ ಕೋಣೆಗಳಿಗೆ ಮರಳಿತು. ಅದಕ್ಕೂ ಮೊದಲು ವಿಮಲಾಬಾಯಿ ತಾನೇ ಕೊರೊನಾಕ್ಕೆ ಸಿಕ್ಕಿ, ಬದುಕಿ ಎದ್ದಿದ್ದಳು. ಯಮನಪ್ಪ ಹೋದ ದಿನ ಆಕೆ ಕುರ್ಚಿಯಿಂದ ಎದ್ದು ನಿಂತಳು.

"ಯಮನಪ್ಪ, ನಿನ್ನ ದಾರಿಯ ಹಳ್ಳ್ಯಾಗ ಗುಳಿಗಿ ಬಿಟ್ಟವರು ಒಬ್ಬರೂ ಇಲ್ಲ. ಒಬ್ಬರೂ" ಎಂದಳು.

ಯಮನಪ್ಪ ಹೊರಗೆ ಬಂದ. ಆಸ್ಪತ್ರೆಯ ಮುಂದಿನ ಗೇಟಿನಿಂದಲೇ ಬಂದ. ಚಹಾದ ಅಂಗಡಿಯ ಮುಂದೆ ಪರಿಚಯದವನೊಬ್ಬ, "ಏನ್ ಬಂದಿದ್ದಿ?" ಎಂದು ಕೇಳಿದ.

"ಗುಳಿಗಿ ತಗೊಳ್ಳಾಕ" ಎಂದ. ಒಂದು ಚಹಾ ಹೇಳಿ, ಎಲ್ಲರ ನಡುವೆ ನಿಂತು ಕುಡಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿದ್ದವು. "ಗುರುಗಳೇ, ಎಂಥ ಮನುಷ್ಯ! ತಂಬಿಗೆ ಹಿಡಿದು ಮುಂದೆ ಬಂದ ಆ ತಾಯಿಯೂ ಸಣ್ಣವಳಲ್ಲ. ಆಕೆ ಯಾರು, ಹೇಳಿ. ಇಬ್ಬರನ್ನೂ ಕರೆಸಿ ಮಠದಲ್ಲಿ ಸನ್ಮಾನ ಮಾಡೋಣ" ಎಂದ.

ಗುರುಗಳು ಅವನನ್ನೇ ನೋಡಿದರು.

"ಸನ್ಮಾನ ಆಗಲೇ ಆಗಿದೆ ಮಗೂ. ಆಕೆ ಯಾರೆಂದು ಇವತ್ತಿಗೂ ನಿನಗೆ ಗೊತ್ತಿಲ್ಲವಲ್ಲ, ಅದೇ ಯಮನಪ್ಪನ ಹೆಮ್ಮೆ."