ತಮ್ಮನ ಕೈ

"ಗುರುಗಳೇ, ನಾನೇ ಕಣ್ಣಾರೆ ಕಂಡದ್ದು, ನನ್ನ ಮೈಗೇ ತಾಕಿದ್ದು, ಇಂದಿಗೂ ಮಾಸದೆ ನೆನಪಿನಲ್ಲಿ ಉಳಿದದ್ದು ಸುಳ್ಳಾಗಿರಲು ಸಾಧ್ಯವೇ?"

ಹೀಗೆ ಕೇಳಿದವನು ಗುರುಲಿಂಗ ಎಂಬ ಶಿಷ್ಯ. ಮಠಕ್ಕೆ ಹೊಸದಾಗಿ ಸೇರಿದವರಿಗೆ ಮನಸ್ಸಿನ ಕುರಿತ ಮೊದಲ ಪಾಠಗಳು ನಡೆಯುತ್ತಿದ್ದವು. ಕಣ್ಣು ಹೇಗೆ ಕಾಣುತ್ತದೆ, ಅಭ್ಯಾಸ ಹೇಗೆ ಅಂಟಿಕೊಳ್ಳುತ್ತದೆ, ಭಯ ಹೇಗೆ ಬೇರೂರುತ್ತದೆ ಎಂಬುದೆಲ್ಲ ಮುಗಿದು ಆ ಬೆಳಿಗ್ಗೆ ನೆನಪಿನ ವಿಷಯ ಬಂದಿತ್ತು. ನೆನಪನ್ನು ನಾವು ತೆಗೆದು ನೋಡಿದಾಗಲೆಲ್ಲ ಮತ್ತೊಮ್ಮೆ ಕಟ್ಟುತ್ತೇವೆ, ಕಟ್ಟುವಾಗ ಪಕ್ಕದಲ್ಲಿದ್ದವರ ಮಾತೂ ಅದರೊಳಗೆ ಸೇರಿಹೋಗುತ್ತದೆ ಎಂದು ಗುರುಗಳು ಹೇಳಿದ್ದರು. ಗುರುಲಿಂಗನಿಗೆ ಅದು ಒಪ್ಪಿಗೆಯಾಗಿರಲಿಲ್ಲ.

ಗುರುಗಳು "ಒಬ್ಬ ಕುಂಬಾರನ ಮಗಳ ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನಿಗೆ ಇಬ್ಬರು ಮಕ್ಕಳು. ಹಿರಿಯವಳು ಹೊನ್ನವ್ವ, ಏಳೆಂಟು ವರ್ಷದ ಹುಡುಗಿ. ಕಿರಿಯವನು ಭರಮ, ಆಗಷ್ಟೇ ಬೀಳದೆ ಓಡಲು ಕಲಿತಿದ್ದ. ತಂದೆ ಗಡಿಗೆ ಮಾಡುವ ತಿಗರಿಯ ಮುಂದೆ, ತಾಯಿ ಮಣ್ಣು ತುಳಿಯುವ ಕೆಲಸದಲ್ಲಿ ಇರುವಾಗ ತಮ್ಮನನ್ನು ನೋಡಿಕೊಳ್ಳುವವಳು ಹೊನ್ನವ್ವ. ಬೀದಿಗೆ ಹೋಗಲಿ, ಬಾವಿಗೆ ಹೋಗಲಿ, ಅವನ ಕೈ ಹಿಡಿದುಕೊಂಡೇ ಹೋಗುತ್ತಿದ್ದಳು.

ಒಂದು ಸಂತೆಯ ದಿನ ಹೊನ್ನವ್ವನಿಗೆ ಜ್ವರ ಬಂತು. ಸುಟ್ಟು ಇಟ್ಟಿದ್ದ ಗಡಿಗೆಗಳನ್ನು ಸಂತೆಗೆ ಒಯ್ಯದೆ ವಿಧಿಯಿರಲಿಲ್ಲ. ತಾಯಿ ಪಕ್ಕದ ಮನೆಯ ಸಾತವ್ವನನ್ನು ಕರೆದು, ಸಂಜೆಯವರೆಗೆ ಮಕ್ಕಳ ಮೇಲೆ ನಿಗಾ ಇರಲಿ ಎಂದು ಹೇಳಿ ಗಂಡನ ಜೊತೆ ಹೊರಟಳು. ಸಾತವ್ವ ಸೂಲಗಿತ್ತಿ. ಆ ಇಬ್ಬರು ಮಕ್ಕಳೂ ಹುಟ್ಟಿದ್ದು ಅವಳ ಕೈಯಲ್ಲೇ.

ಮಧ್ಯಾಹ್ನದ ಹೊತ್ತಿಗೆ ಜ್ವರ ಏರಿತು. ಹುಡುಗಿ ಬಡಬಡಿಸತೊಡಗಿದಳು. ಸಾತವ್ವ ಬಟ್ಟೆ ನೆನೆಸಿ ಅವಳ ಹಣೆಗೆ ಹಾಕುತ್ತ ಕುಳಿತಳು. ಅಂಗಳದಲ್ಲಿ ಆಡುತ್ತಿದ್ದ ಭರಮ ಹಿತ್ತಿಲಿಗೆ ಹೋದದ್ದು ಅವಳಿಗೆ ತಿಳಿಯಲಿಲ್ಲ. ಹಿತ್ತಿಲಿನ ಆಚೆ ಕುಂಬಾರ ಮಣ್ಣು ತೆಗೆದ ಗುಂಡಿಯಿತ್ತು. ಅದರಲ್ಲಿ ಮಳೆಯ ನೀರು ನಿಂತಿತ್ತು.

ಜನ ಕೂಗಿದ್ದು ಕೇಳಿ ಹೊನ್ನವ್ವನಿಗೆ ಎಚ್ಚರವಾಯಿತು. ಸಾತವ್ವ ಆಗಲೇ ಹೊರಗೆ ಓಡಿದ್ದಳು. ಹುಡುಗಿ ಎದ್ದು, ತೂರಾಡುತ್ತ ಗುಂಡಿಯ ಕಡೆ ಹೋದಳು. ಅಷ್ಟರಲ್ಲಿ ಯಾರೋ ಮಗುವನ್ನು ಮೇಲೆತ್ತಿ ದಡದ ಮೇಲೆ ಮಲಗಿಸಿದ್ದರು. ಅವಳು ಪಕ್ಕದಲ್ಲಿ ಕುಳಿತು ತಮ್ಮನ ಕೈ ಹಿಡಿದುಕೊಂಡಳು. ಕೈ ಒದ್ದೆಯಾಗಿತ್ತು, ತಣ್ಣಗಿತ್ತು. ಯಾರೋ ಅವಳ ಹಿಡಿತ ಬಿಡಿಸಿ, ಅವಳನ್ನು ಎತ್ತಿಕೊಂಡು ಹೋಗಿ ಮಲಗಿಸಿದರು. ಆಮೇಲೆ ಹಲವು ದಿನ ಅವಳಿಗೆ ಮೈಮೇಲಿನ ಪರಿವೆ ಇರಲಿಲ್ಲ.

ತಂದೆತಾಯಿ ಸಂತೆಯಿಂದ ಬಂದಾಗ ಸಾತವ್ವ ಬಾಗಿಲಲ್ಲೇ ಕುಸಿದು ಕುಳಿತಿದ್ದಳು. "ನಾನು ಹುಡುಗಿಯ ಹಣೆ ನೋಡುತ್ತಿದ್ದೆ ತಾಯಿ, ಹುಡುಗನನ್ನು ನೋಡಲಿಲ್ಲ" ಎಂದಳು. ಆ ಮಾತು ತಾಯಿಯ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಆ ದಿನದಿಂದ ಅವಳು ಸಾತವ್ವನ ಮುಖ ನೋಡಲಿಲ್ಲ. ಎರಡು ಮನೆಗಳ ನಡುವೆ ಮಾತು ನಿಂತಿತು.

ಮಗು ಸತ್ತ ದುಃಖದ ಒಳಗೆ ತಾಯಿಗೆ ಇನ್ನೊಂದು ದುಃಖವಿತ್ತು. ಅವನು ಒಬ್ಬನೇ ಇದ್ದ. ನೀರಿಗೆ ಬಿದ್ದಾಗ ಯಾರನ್ನು ಕೂಗಿರಬೇಕು, ಯಾರು ಹಿಡಿಯುತ್ತಾರೆಂದು ಕೈ ಚಾಚಿರಬೇಕು ಎಂದು ಕುಳಿತಲ್ಲಿ ನಿಂತಲ್ಲಿ ಅದನ್ನೇ ಯೋಚಿಸಿದಳು. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು. ಹೊನ್ನವ್ವ ಚೇತರಿಸಿಕೊಂಡು ಎದ್ದು ಕುಳಿತ ದಿನ ತಾಯಿ ಅವಳ ಹತ್ತಿರ ಬಂದು ಕೇಳಿದಳು.

"ನೀನು ತಮ್ಮನ ಜೊತೆಗಿದ್ದೆಯಲ್ಲವೇ, ಮಗಳೇ? ಅವನ ಕೈ ಹಿಡಿದುಕೊಂಡಿದ್ದೆಯಲ್ಲವೇ?"

ಹುಡುಗಿಗೆ ಆ ದಿನದ್ದು ಏನೂ ನೆನಪಿರಲಿಲ್ಲ. ಒದ್ದೆಯಾದ, ತಣ್ಣಗಿನ ಒಂದು ಕೈ ಮಾತ್ರ ನೆನಪಿತ್ತು. "ಹಿಡಿದುಕೊಂಡಿದ್ದೆ" ಎಂದಳು. ಅವಳು ಸುಳ್ಳು ಹೇಳಲಿಲ್ಲ. ಆ ದಿನ ತಾಯಿ ಒಂದು ರೊಟ್ಟಿ ತಿಂದಳು. ಹುಡುಗಿ ಅದನ್ನು ನೋಡಿದಳು.

ಮರುದಿನವೂ ತಾಯಿ ಕೇಳಿದಳು. ಅವನು ನಿನ್ನನ್ನು ನೋಡಿದನೇ? ನೋಡಿದ. ಅಕ್ಕ ಎಂದನೇ? ಎಂದ. ಬಹಳ ಹೆದರಿದ್ದನೇ? ಇಲ್ಲ, ನಾನು ಹಿಡಿದುಕೊಂಡಿದ್ದೆನಲ್ಲ. ಪ್ರತಿ ಉತ್ತರಕ್ಕೂ ತಾಯಿಯ ಮುಖ ಸ್ವಲ್ಪ ತಿಳಿಯಾಗುತ್ತಿತ್ತು. ಮೊದಮೊದಲು ಹುಡುಗಿ ತಾಯಿಯ ಮುಖ ನೋಡಿ ಉತ್ತರ ಹೇಳುತ್ತಿದ್ದಳು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅವಳಿಗೆ ಆ ಗುಂಡಿ ಕಾಣತೊಡಗಿತು. ನೀರು ಕಂಡಿತು, ತಮ್ಮನ ಕಣ್ಣು ಕಂಡಿತು. ಅಕ್ಕ ಎಂದದ್ದು ಕಿವಿಯಲ್ಲಿ ಕೇಳಿಸಿತು. ಆಮೇಲೆ ಅವಳು ಉತ್ತರ ಹುಡುಕಬೇಕಾಗಿ ಬರಲಿಲ್ಲ.

ಕುಂಬಾರ ಒಮ್ಮೆ ಹೆಂಡತಿಯನ್ನು ತಡೆದ. "ಅವಳು ಜ್ವರದಲ್ಲಿ ಮಲಗಿದ್ದಳು. ಯಾಕೆ ಅವಳನ್ನು ಹೀಗೆ ಕೇಳುತ್ತೀಯೆ?" ಎಂದ.

"ನಿಮಗೇನು ಗೊತ್ತು? ನೀವು ಅಲ್ಲಿದ್ದಿರಾ?" ಎಂದಳು ಹೆಂಡತಿ.

ಅವನು ಅಲ್ಲಿರಲಿಲ್ಲ. ಒಬ್ಬನೇ ಮಣ್ಣು ಹೊತ್ತು ಹಾಕಿ ಆ ಗುಂಡಿಯನ್ನು ಮುಚ್ಚಿದ. ಅವನು ಆ ವಿಷಯದಲ್ಲಿ ಮಾಡಿದ್ದು ಅಷ್ಟೇ.

ತಾಯಿ ಮಗಳನ್ನು ಒಂದು ದಿನವೂ ದೂರಲಿಲ್ಲ. ಮಗ ಅಕ್ಕನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದ ಎಂಬುದರಲ್ಲೇ ಅವಳಿಗೆ ಸಮಾಧಾನವಿತ್ತು. ಆದರೆ ಹೊನ್ನವ್ವ ಬೆಳೆಯುತ್ತಿದ್ದಳು. ಬೆಳೆದ ಹಾಗೆ ಅವಳಿಗೆ ಅವಳದೇ ಒಂದು ಪ್ರಶ್ನೆ ಹುಟ್ಟಿತು. ನಾನು ಕೈ ಹಿಡಿದಿದ್ದರೆ ಅವನು ಮುಳುಗಿದ್ದು ಹೇಗೆ? ಅದನ್ನು ಅವಳು ಯಾರ ಹತ್ತಿರವೂ ಕೇಳಲಿಲ್ಲ. ತಾನೇ ಹುಡುಕಿದಳು. ಹುಡುಕಿದಾಗ ಅದೂ ಸಿಕ್ಕಿತು. ದಡದ ಮಣ್ಣು ಜಾರುತ್ತಿತ್ತು. ತಮ್ಮನ ಬೆರಳುಗಳು ಒಂದೊಂದಾಗಿ ಅವಳ ಬೆರಳುಗಳಿಂದ ಜಾರಿದವು. ಕೊನೆಯ ಬೆರಳು ಜಾರಿದ್ದು ಅವಳ ಅಂಗೈಗೆ ತಿಳಿಯುತ್ತಿತ್ತು. ಅದನ್ನು ಅವಳು ತಾಯಿಗೆ ಹೇಳಲಿಲ್ಲ.

ಹೊನ್ನವ್ವನನ್ನು ದೂರದ ಊರಿಗೆ ಮದುವೆ ಮಾಡಿಕೊಟ್ಟರು. ಕೆಲವು ವರ್ಷಗಳಲ್ಲಿ ತಂದೆ ತೀರಿಕೊಂಡ, ಅವನ ಹಿಂದೆಯೇ ತಾಯಿಯೂ ಹೋದಳು. ಹೊನ್ನವ್ವನಿಗೆ ಒಬ್ಬ ಮಗಳು ಹುಟ್ಟಿದಳು. ಹೆಸರು ಚಂದ್ರವ್ವ.

ಹೊನ್ನವ್ವ ಮಗಳಿಗೆ ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ನೀರೆರೆದಳು, ಉಣಿಸಿದಳು, ತಲೆ ಬಾಚಿದಳು. ಆದರೆ ದಾರಿಯಲ್ಲಿ ನಡೆಯುವಾಗ ಒಂದು ದಿನವೂ ಅವಳ ಕೈ ಹಿಡಿಯಲಿಲ್ಲ. ಹಳ್ಳ ದಾಟುವಾಗ ಬೇರೆ ಯಾರಿಗಾದರೂ, "ಇವಳನ್ನು ದಾಟಿಸಿ" ಎನ್ನುತ್ತಿದ್ದಳು. ಮಗು ತಾಯಿಯ ಸೆರಗಿನ ತುದಿ ಹಿಡಿದು ಹಿಂದೆ ನಡೆಯುವುದನ್ನು ಕಲಿತಿತು. ಬೇರೆ ಮಕ್ಕಳು ತಾಯಂದಿರ ಕೈ ಹಿಡಿದು ಹೋಗುವುದನ್ನು ಚಂದ್ರವ್ವ ನೋಡುತ್ತಿದ್ದಳು. ತನ್ನ ಕೈಯಲ್ಲೇ ಏನೋ ಕೊಳೆ ಇರಬೇಕು ಎಂದುಕೊಂಡಳು. ತಾಯಿಯ ಜೊತೆ ಹೊರಡುವ ಮೊದಲು ಯಾರೂ ಹೇಳದೆಯೇ ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದಳು. ಹೊನ್ನವ್ವನಿಗೆ ಅದು ಯಾಕೆಂದು ತಿಳಿಯಲಿಲ್ಲ. ಮಗಳು ಶುಚಿಯಾಗಿರುತ್ತಾಳೆ ಎಂದು ಹೆಮ್ಮೆಪಟ್ಟಳು.

ಚಂದ್ರವ್ವ ದೊಡ್ಡವಳಾದಳು, ಮದುವೆಯಾದಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳಿಗೆ ಹೆದರಿಕೆಯಾಗಿತ್ತು. ಹೊನ್ನವ್ವನ ಗಂಡ, ಒಳ್ಳೆಯ ಕೈಗುಣದ ಸೂಲಗಿತ್ತಿಯನ್ನೇ ಕರೆತರಬೇಕೆಂದು ಹೆಂಡತಿಯ ತವರೂರಿಗೆ ಹೋಗಿ ವಿಚಾರಿಸಿದ. ಊರವರು ಸಾತವ್ವನ ಹೆಸರು ಹೇಳಿದರು. ಎರಡು ಮನೆಗಳ ನಡುವೆ ಮಾತು ನಿಂತದ್ದು ಅವನಿಗೆ ಗೊತ್ತಿರಲಿಲ್ಲ. ಸಾತವ್ವನಿಗೆ ವಯಸ್ಸಾಗಿತ್ತು, ದೂರದ ಊರಿಗೆ ಹೋಗುವುದನ್ನು ಬಿಟ್ಟಿದ್ದಳು. ಹೊನ್ನವ್ವನ ಮಗಳ ಹೆರಿಗೆ ಎಂದು ಕೇಳಿ ಎದ್ದು ಬಂದಳು.

ಬೆಳಿಗ್ಗೆ ನೋವು ಶುರುವಾಯಿತು. ಸಾತವ್ವ ಚಂದ್ರವ್ವನ ಸೊಂಟ ನೀವುತ್ತ, "ಹೊನ್ನಿ, ನೀನು ಬಂದು ಇವಳ ಕೈ ಹಿಡಿದುಕೋ. ಚೊಚ್ಚಲಿಗೆ ತಾಯಿಯ ಕೈ ಬೇಕು" ಎಂದಳು.

ಹೊನ್ನವ್ವ ಬಾಗಿಲ ಹತ್ತಿರವೇ ನಿಂತಳು. "ನನ್ನ ಕೈ ಬೇಡ ದೊಡ್ಡವ್ವ. ಅದು ಹಿಡಿದದ್ದನ್ನು ಬಿಡುವ ಕೈ."

"ಯಾರನ್ನು ಬಿಟ್ಟೆ ನೀನು?"

"ಭರಮನನ್ನು."

ಸಾತವ್ವನ ಕೈ ನಿಂತಿತು. ಅವಳು ಹೊನ್ನವ್ವನನ್ನು ಕರೆದು ಹತ್ತಿರ ಕೂರಿಸಿಕೊಂಡಳು. ಆ ದಿನ ಏನಾಯಿತೆಂದು ಮೊದಲಿನಿಂದ ಹೇಳಿದಳು. "ಅವನು ಬಿದ್ದಾಗ ನೀನು ಗುಂಡಿಯ ಹತ್ತಿರ ಇರಲೇ ಇಲ್ಲ, ಮಗಳೇ. ನನ್ನ ಮುಂದೆ ಚಾಪೆಯ ಮೇಲೆ ಮಲಗಿದ್ದೆ. ನಾನು ನಿನ್ನ ಹಣೆಯ ಮೇಲಿನ ಬಟ್ಟೆ ತೆಗೆದು ಮತ್ತೆ ನೆನೆಸುತ್ತಿದ್ದೆ, ಆಗ ಜನ ಕೂಗಿದರು. ನೀನು ಬಂದಾಗ ಅವನನ್ನು ಮೇಲೆ ತಂದಾಗಿತ್ತು. ಅವನ ಕೈ ಹಿಡಿದು ಕುಳಿತವಳು ಬಿಡಲಿಲ್ಲ. ಬಿಡಿಸಿದವಳು ನಾನು. ಅವನು ಹೋದದ್ದಕ್ಕೆ ಯಾರಾದರೂ ಹೊಣೆಯಾಗಬೇಕಾದರೆ ನಾನಿದ್ದೇನೆ. ಅದನ್ನು ನಾನು ಇಷ್ಟು ವರ್ಷ ಹೊತ್ತಿದ್ದೇನೆ. ನೀನು ಯಾಕೆ ಹೊತ್ತೆ?"

ಹೊನ್ನವ್ವ ತಲೆ ತಗ್ಗಿಸಿ ಕೇಳಿದಳು. ಕೇಳಿ ಮುಗಿದ ಮೇಲೆ ಸಾತವ್ವನ ಕಾಲು ಮುಟ್ಟಿ ನಮಸ್ಕರಿಸಿದಳು.

ಚಂದ್ರವ್ವ ಮಲಗಿದಲ್ಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಅವಳಿಗೆ ಅಂದು ತಿಳಿಯಿತು. ನೋವಿನ ನಡುವೆಯೂ ಅವಳ ಮುಖದಲ್ಲಿ ನಗು ಬಂತು. "ಅವ್ವ, ನೀನು ಬಿಟ್ಟಿಲ್ಲ. ಬಾ" ಎಂದು ಕೈ ಚಾಚಿದಳು.

ಹೊನ್ನವ್ವ ಎದ್ದು ಹತ್ತಿರ ಹೋದಳು. ಅವಳ ಕೈ ಮಗಳ ಕೈಯವರೆಗೆ ಬಂತು. ಅಲ್ಲೇ ನಿಂತಿತು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮುಷ್ಟಿ ಕಟ್ಟಿ, ಸೆರಗಿನೊಳಗೆ ಇಟ್ಟುಕೊಂಡಳು. ಮಗಳು ಚಾಚಿದ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ನೋವು ಜೋರಾಯಿತು, ಸಾತವ್ವ ತನ್ನದೊಂದು ಕೈ ಕೊಟ್ಟಳು. ಚಂದ್ರವ್ವ ಅದನ್ನೇ ಹಿಡಿದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಗಂಡು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ಊರಿಗೆ ಹೊರಡುವ ದಿನ ಸಾತವ್ವ ಹೊನ್ನವ್ವನನ್ನು ಪಕ್ಕಕ್ಕೆ ಕರೆದಳು. "ನನ್ನ ಮಾತು ನಿನಗೆ ನಂಬಿಕೆಯಾಗಲಿಲ್ಲವೇ?" ಎಂದು ಕೇಳಿದಳು.

"ನಂಬಿದ್ದೇನೆ ದೊಡ್ಡವ್ವ. ನೀನು ಸುಳ್ಳು ಹೇಳುವವಳಲ್ಲ" ಎಂದಳು ಹೊನ್ನವ್ವ. ಆಮೇಲೆ, "ಆದರೆ ನಾನು ಅಲ್ಲಿದ್ದೆ" ಎಂದಳು.

ಸಾತವ್ವ ಬುತ್ತಿಯ ಗಂಟು ಎತ್ತಿಕೊಂಡು ಹೊರಟುಹೋದಳು. ಚಂದ್ರವ್ವ ಬಾಣಂತನ ಮುಗಿಸಿ ಮಗನನ್ನು ಎತ್ತಿಕೊಂಡು ಗಂಡನ ಮನೆಗೆ ಹೋದಳು. ಆಮೇಲೆ ತವರಿಗೆ ಬರುವುದು ಕಡಿಮೆಯಾಯಿತು. ಬಂದಾಗಲೂ ತಾಯಿಯ ಕಡೆಗೆ ಕೈ ಚಾಚಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನೆನಪು ಸುಳ್ಳಾಗುವುದು ಹೇಗೆಂದು ಗುರುಲಿಂಗನಿಗೆ ಈಗ ತಿಳಿದಿತ್ತು. ತಿಳಿಯದೆ ಉಳಿದದ್ದು ಬೇರೊಂದು.

"ಗುರುಗಳೇ, ಆಕೆಯದೇನೂ ತಪ್ಪಿರಲಿಲ್ಲ. ಹಾಗೆಂದು ಹೇಳಿದವಳನ್ನು ಆಕೆ ನಂಬಿಯೂ ಇದ್ದಳು. ಮಗಳು ಎದುರಿಗೇ ಕೈ ಚಾಚಿದ್ದಳು. ಅಷ್ಟಾದರೂ ಆ ಸುಳ್ಳು ನೆನಪನ್ನು ಆಕೆ ಯಾಕೆ ಬಿಡಲಿಲ್ಲ?"

ಗುರುಗಳು ಹೇಳಿದರು, "ಬಿಟ್ಟಿದ್ದರೆ ಆಕೆಯ ತಮ್ಮ ನೀರಿನಲ್ಲಿ ಒಬ್ಬನೇ ಆಗಿಬಿಡುತ್ತಿದ್ದ."