ಚನ್ನಮಲ್ಲ ಮೌಸು ಹಿಡಿದದ್ದು

ಜನವರಿ ಒಂಬತ್ತು, ಗುರುವಾರ. ಬೆಳಿಗ್ಗೆ ಚಳಿ, ಮಧ್ಯಾಹ್ನಕ್ಕೆ ಒಳ್ಳೆ ಬಿಸಿಲು. ಆ ದಿನ ನೀಲವ್ವ ತನ್ನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತ, ಒಲೆಯ ಮುಂದೆ ನಿಂತ ಮಗನನ್ನು ನೋಡಿ ನಿಟ್ಟುಸಿರು ಬಿಟ್ಟಳು. ಮಗ ಚನ್ನಮಲ್ಲ ಎತ್ತಿನಂಥ ಆಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಸಂಕಟ. "ಹಾಲು ಉಕ್ಕತೈತಿ, ನೋಡು" ಅಂದಿದ್ದಳು. ಉಕ್ಕಿ ಒಲೆ ಆರುವವರೆಗೂ ನೋಡಿದ್ದ.

"ನಾ ಹೋದಮ್ಯಾಲೆ ನಿನಗ ಯಾರು ರೊಟ್ಟಿ ಹಾಕತಾರೋ, ಮಳ್ಳ?"

"ನೀ ಎಲ್ಲಿಗೆ ಹೊಂಟಿ, ಅವ್ವ?"

ಉಣ್ಣುತ್ತಿದ್ದ ಗುರುಶಾಂತಪ್ಪ ನಕ್ಕ. ಊರ ಹೊರಗೆ ಲಾರಿ ತೂಗುವ ಕಾಟಾ ಅವನದು. "ಕಂಪ್ಯೂಟರಿನ ಮೌಸು ಹಿಡಿಯೋದು ಕಲಸು, ನೀಲವ್ವ. ಲಾರಿ ನಿಲ್ಲತೈತಿ, ಇಂವ ಒತ್ತಬೇಕು, ಚೀಟಿ ಬರತೈತಿ. ಅಷ್ಟ ಕೆಲಸ. ಸಂಕ್ರಾಂತಿ ಮುಗಿದಮ್ಯಾಲೆ ಕಳಸು, ಕೈ ಕುಂತಿದ್ದರ ಇಟಗೋತೀನಿ."

ನೀಲವ್ವನಿಗೆ ಕತ್ತಲಲ್ಲಿ ದೀಪ ಕಂಡ ಹಾಗಾಯಿತು. ಅವತ್ತೇ ಮಗನನ್ನು ಶಕೀಲಾ ಅಕ್ಕಾರ ಮನೆಗೆ ಕಳಿಸಿದಳು. ಆಕೆ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮಂದಿಗೆ ಕಲಿಸುತ್ತಿದ್ದಳು. ಬಾಗಿಲ ಬಳಿ ಕುರ್ಚಿಯಲ್ಲಿ ಆಕೆಯ ಅಪ್ಪ ಇಮಾಮಸಾಬ. ಬಟ್ಟೆ ಕತ್ತರಿಸಿ ಕತ್ತರಿಸಿ ಬಲಭುಜ ಹಿಡಿದುಹೋಗಿ, ಕೈ ಮೇಲೇಳುತ್ತಿರಲಿಲ್ಲ. ಗೂಟಕ್ಕೆ ಹಾಕಿದ ಟೋಪಿಯನ್ನೂ ಮಗಳೇ ಇಳಿಸಿಕೊಡಬೇಕು.

ಮೊದಲ ದಿನ ಚನ್ನಮಲ್ಲ ಒಂದು ಸಲ ಒತ್ತಿದ. ಏನೂ ತೆರೆಯಲಿಲ್ಲ.

"ಒಂದು ಸಲಕ್ಕ ತೆರಿಯೂದಿಲ್ಲ, ತಮ್ಮಾ. ಎರಡು ಸಲ, ಲಗೂನ, ಟಕಟಕ ಅಂತ," ಅಂದಳು ಶಕೀಲಾ.

ಆಗಲಿ ಅಂದ. ಮನೆಗೆ ಬಂದ. "ಬ್ಯಾಳಿಗೆ ಉಪ್ಪು ಹಾಕು" ಅಂದಳು ಅವ್ವ. ಎರಡು ಸಲ ಹಾಕಿದ, ಲಗೂನ. ಉಣ್ಣಲು ಕೂತವರು ಕೊಡ ನೀರು ಖಾಲಿ ಮಾಡಿ ಎದ್ದರು.

"ಏ ಮಳ್ಳ, ಯಾವುದ ಆಗಲಿ ಒಂದ ಸಲ ಮಾಡು, ಮಾಡಿ ಕೈ ತಗಿ!"

ಆಗಲಿ ಅಂದ. ಮರುದಿನ ಶಕೀಲಾ, "ಈ ಚಿತ್ರ ಎಳಕೊಂಡು ಹೋಗಿ ಆ ಡಬ್ಬಿಯೊಳಗ ಹಾಕು" ಅಂದಳು. ಒಂದು ಸಲ ಒತ್ತಿದ, ಕೈ ತೆಗೆದ. ಚಿತ್ರ ಇದ್ದಲ್ಲೇ ಇತ್ತು.

"ಹಂಗಲ್ಲ, ತಮ್ಮಾ. ಒತ್ತಿ ಹಿಡಿ. ಮುಟ್ಟೋ ಜಾಗ ಮುಟ್ಟೋತನಕ ಬಿಡಬ್ಯಾಡ."

ಆಗಲಿ ಅಂದ. ಮನೆಗೆ ಬಂದ. ಅವ್ವ ಉರಿಯುವ ಕಟ್ಟಿಗೆಯೊಂದನ್ನು ಕೈಗೆ ಕೊಟ್ಟು, "ಬಾಜೂಮನಿ ಗಂಗವ್ವ ಒಲಿ ಹಚ್ಚಬೇಕಂತ, ಕೊಟ್ಟು ಬಾ" ಅಂದಳು. ಗಂಗವ್ವ ನೀರಿಗೆ ಹೋಗಿದ್ದಳು. ಚನ್ನಮಲ್ಲ ಅವಳ ಹೊಸ್ತಿಲಲ್ಲಿ ಕಟ್ಟಿಗೆ ಹಿಡಿದು ನಿಂತ. ಬೆಂಕಿ ಬೆರಳಿಗೆ ಬಂತು. ಅತ್ತನೇ ಹೊರತು ಬಿಡಲಿಲ್ಲ.

ನೀಲವ್ವ ಬೆರಳಿಗೆ ಬೆಣ್ಣೆ ಸವರುತ್ತ ತಾನೂ ಅತ್ತಳು. "ಕೈಯಾಗ ಕೆಂಪಗ ಬೆಂಕಿ ಕಂಡರ ನೆಲಕ್ಕ ಒಗದು ನೀರು ಹಾಕಬೇಕೋ, ನನ್ನಪ್ಪ."

ಆಗಲಿ ಅಂದ. ಮರುದಿನ ಪರದೆಯ ಮೇಲಿನ ಬಾಣ ಸರಿಯಾಗಿ ಓಡಲಿಲ್ಲ. "ಮೌಸು ಮಗುಚಿ ಧೂಳು ಒರಸು" ಅಂದಳು ಶಕೀಲಾ. ಮಗುಚಿದ. ಹೊಟ್ಟೆಯಲ್ಲಿ ಕೆಂಪಗೆ ದೀಪ. ನೆಲಕ್ಕೆ ಒಗೆದ. ಇಮಾಮಸಾಬರ ತಂಬಿಗೆ ಎತ್ತಿ ನೀರು ಸುರಿದ. ದೀಪ ಆರಿತು. ಮೌಸೂ ಸತ್ತಿತು.

ಶಕೀಲಾ ಕಪಾಟಿನಿಂದ ಹಳೆಯ ಮೌಸೊಂದನ್ನು ತಂದು ಜೋಡಿಸಿ, ಅವನ ಬೊಬ್ಬೆ ಬಂದ ಬೆರಳನ್ನು ತಾನೇ ಗುಂಡಿಯ ಮೇಲಿಟ್ಟಳು.

"ನೋಡಪಾ, ಏನು ಮಾಡಬೇಕು ತಿಳೀಲಿಲ್ಲಂದ್ರ ಬಲಗಡೆ ಒತ್ತು. ಏನೇನು ಮಾಡಬಹುದು ಅಂತ ಅದ ಹೇಳತೈತಿ."

ಆಗಲಿ ಅಂದ.

ಸಂಕ್ರಾಂತಿ ಮುಗಿಯಿತು. ಕಾಟಾದಲ್ಲಿ ಗುರುಶಾಂತಪ್ಪ ಮಗ್ಗುಲಲ್ಲಿ ನಿಂತು ಹೇಳಿದ, "ನಾಕೂ ಕಡೆ ಗಾಲಿ ಮ್ಯಾಲೆ ಬಂದಮ್ಯಾಲೆ ಒಂದು ಸಲ ಒತ್ತು." ಲಾರಿ ಬಂತು. ಹಿಂದಿನ ಗಾಲಿ ಇನ್ನೂ ಕೆಳಗಿತ್ತು. "ಒತ್ತೋ, ನನಗ ಹೊತ್ತಾತು" ಅಂದ ಡ್ರೈವರ್. ಚನ್ನಮಲ್ಲ ಒತ್ತಲಿಲ್ಲ. ಡ್ರೈವರ್ ಬೈದ. ಒತ್ತಲಿಲ್ಲ. ಚಹಾ ಕುಡಿಸುತ್ತೇನೆ ಅಂದ. ಒತ್ತಲಿಲ್ಲ. ಗಾಲಿ ಹತ್ತಿದ ಮೇಲೆ ಒಂದು ಸಲ ಒತ್ತಿದ. ಚೀಟಿ ಬಂತು.

"ಇಂಥಾವನ ಬೇಕು ನನಗ," ಅಂದ ಗುರುಶಾಂತಪ್ಪ. "ನಾಳಿಂದ ಬಾ."

ನೀಲವ್ವ ಸುದ್ದಿ ಕೇಳಿ ಒಲೆಗೇ ಕೈಮುಗಿದಳು. ಸೆರಗಿನ ಗಂಟು ಬಿಚ್ಚಿ, ಇದ್ದ ದುಡ್ಡನ್ನೆಲ್ಲ ಮಗನ ಕಿಸೆಗೆ ಹಾಕಿದಳು. "ಅಕ್ಕಾರ ಪುಣ್ಯಾ ನಾವು ತೀರಸೂದಲ್ಲ. ಮೌಸಿಂದು, ಫೀಜಿಂದು ಕೊಡು. ಕೊಡದ ಬರಬ್ಯಾಡ."

ಮಧ್ಯಾಹ್ನ ಹೋದವನು ದೀಪ ಹಚ್ಚುವ ಹೊತ್ತಿಗೆ ಬಂದ. ಕಿಸೆ ಹಾಗೇ ಉಬ್ಬಿತ್ತು.

"ಕೊಡಲಿಲ್ಲೇನೋ?"

"ಅಕ್ಕಾರು ಒಲ್ಲೆ ಅಂದ್ರು. ನೀ ಕೊಡದ ಬರಬ್ಯಾಡ ಅಂದಿದ್ದಿ. ಏನು ಮಾಡಬೇಕು ತಿಳೀಲಿಲ್ಲ. ಬಲಗಡೆ ಒತ್ತಿದೆ."

"ಏನ ಒತ್ತಿದಿ?"

"ಬಲಗಡೆ ಅಜ್ಜಾರು ಕುಂತಿದ್ರು. ಅವರ ಭುಜ."

"ಅಯ್ಯ ನನ್ನ ಶಿವನ, ಆ ಹಿಡಿದ ಭುಜಾನ?"

"ಮೊದಲ ಚೀರಿದ್ರು, ಅವ್ವ. ಆಮ್ಯಾಲೆ ಅಕ್ಕಾರು ಹೇಳಿದಂಗ ಏನೇನು ಮಾಡಬಹುದು ಅಂತ ಒಂದೊಂದ ಹೇಳಿದ್ರು. ಸ್ವಲ್ಪ ಕೆಳಗ ಅಂದ್ರು. ಎಣ್ಣಿ ಹಚ್ಚು ಅಂದ್ರು. ಅಲ್ಲೇ ಒತ್ತಿ ಹಿಡಿ ಅಂದ್ರು. ಹಿಡಿದೆ. ಬಿಡು ಅನ್ನೂದರೊಳಗ ನಿದ್ದಿ ಹೋದ್ರು."

"ಮತ್ತ?"

"ಬಿಡು ಅಂದಿರಲಿಲ್ಲಲಾ. ಏಳೂತನಕ ಹಿಡಕೊಂಡ ನಿಂತೆ."

"ಎದ್ದು ಬೈದ್ರೇನೋ?"

"ಇಲ್ಲ. ಎದ್ರು, ಬಲಗೈ ಎತ್ತಿದ್ರು, ಗೂಟದ ಮ್ಯಾಲಿನ ಟೋಪಿ ತಾವ ತಗೊಂಡ್ರು. ಅಕ್ಕಾರು ಕಣ್ಣು ಒರಸಿಕೊಂಡು, ‘ಮೌಸಿಂದೂ ಫೀಜಿಂದೂ ಎಲ್ಲಾ ಮುಟ್ಟಿತು ಅಂತ ನಿಮ್ಮವ್ವಗ ಹೇಳು’ ಅಂದ್ರು."