ಕಿವಿಯಿಲ್ಲದ ಸರಪಳಿ

ಮೋಟಾರು ದೋಣಿಯ ಅಬ್ಬರಕ್ಕೆ ಬೆಚ್ಚಿದ ಬೆಳ್ಳಕ್ಕಿಯ ಮರಿ ಗೂಡಿನಿಂದ ಹೊಳೆಗೆ ಬಿತ್ತು. ಹತ್ತಿರವೇ ಇದ್ದ ನಾಡದೋಣಿ ಅದನ್ನು ಎತ್ತಿ ದಡ ಸೇರಿಸಿತು. ತಾಯಿ ಬೆಳ್ಳಕ್ಕಿ ಊರವರಿಗೆ ದೂರು ಕೊಟ್ಟಿತು. ಊರವರು ದೋಣಿಗಳನ್ನು ಹೊಳೆಗಿಳಿಸುವ ಇಳಿಜಾರಿಗೇ ಸರಪಳಿ ಕಟ್ಟಿಬಿಟ್ಟರು.

ಮರ ಕೆಡದಂತೆ ಮೈಗೆ ಮೀನೆಣ್ಣೆ ಬಳಿಸಿಕೊಳ್ಳಲು ದಡ ಹತ್ತಿದ್ದ ನಾಡದೋಣಿ, "ನಾನು ಸದ್ದು ಮಾಡುವವನಲ್ಲ, ದಾರಿ ಬಿಡು," ಎಂದಿತು.

"ನನಗೆ ಕಿವಿಯಿಲ್ಲ. ದೋಣಿ ಬಂದರೆ ತಡೆ ಎಂದಿದ್ದಾರೆ, ತಡೆಯುತ್ತೇನೆ," ಎಂದಿತು ಸರಪಳಿ.

ಅಷ್ಟರಲ್ಲಿ ಆಚೆ ದಡದ ಬಂಗಲೆಯ ಸ್ವಂತ ದೋಣಿಕಟ್ಟೆಯಿಂದ ಮೋಟಾರು ದೋಣಿ ಗುಡುಗುತ್ತ ಹೊರಟಿತು.

ಬೆಳ್ಳಕ್ಕಿ ತಲೆ ತಗ್ಗಿಸಿತು. "ಅಣ್ಣಾ, ನಾನು ದೂರಿದ್ದು ನಿನ್ನನ್ನಲ್ಲ."

"ಗೊತ್ತು ತಂಗಿ," ಎಂದಿತು ನಾಡದೋಣಿ. "ಮರಿಗಳನ್ನು ಗೂಡಿನ ನಡುವೆ ಕೂರಿಸಿಕೋ. ಇನ್ನು ಬಿದ್ದರೆ ನಾನು ಬರುವ ಹಾಗಿಲ್ಲ."